ಇನ್ಶಿರಾಹ್ ಓಡಿದಳೆಂದರೆ ಹೊತ್ತು ಮುಳುಗಿತು

ಇನ್ಶಿರಾಹ್ ಸುಳ್ಳು ಹೇಳುವವಳಲ್ಲ. ಆದರೆ ಸಿಟ್ಟು ಬಂದಾಗ ಅವಳ ಬಾಯಿಂದ ಹೊರಡುವ ನಿಜ, ಅವಳೇ ಹತ್ತಿ ತುಂಬಿ ಹೊಲಿಯುವ ಹಾಸಿಗೆಗಳ ಹಾಗೆ, ಅಗತ್ಯಕ್ಕಿಂತ ನಾಲ್ಕು ಬೆರಳು ಉಬ್ಬಿರುತ್ತಿತ್ತು. ದಮಿಯೆಟ್ಟಾ ಊರಿನ ಬಡಗಿ ಬೀದಿಯಲ್ಲಿ ಮಂಚ ಮಾಡುವವರು ಮನೆಗೊಬ್ಬರಿದ್ದರು, ಮಂಚಕ್ಕೆ ಮೆರುಗು ಹಚ್ಚುವವರೂ ಬೇಕಾದಷ್ಟಿದ್ದರು, ಅವಳ ಗಂಡ ಬಯ್ಯೂಮಿಯೂ ಅವರಲ್ಲೊಬ್ಬ. ಆದರೆ ಒಮ್ಮೆ ಮಲಗಿದವರಿಗೆ ಏಳಲು ಮನಸ್ಸು ಬಾರದಂಥ ಹಾಸಿಗೆ ಹೊಲಿಯುವವಳು ಇವಳೊಬ್ಬಳೇ. ನಲವತ್ತಾರು ವರ್ಷ, ಎಂಬತ್ತೆಂಟು ಕಿಲೋ. ಇಷ್ಟು ಹೇಳಿದರೆ ಮುಂದಿನ ಕಥೆಗೆ ಸಾಕು.

ರಂಜಾನಿಗೆ ಮೂರು ದಿನ ಮುಂಚೆ ಅವಳು ಮಗಳು ನಜ್ಲಾಳ ಜೊತೆ ಯುವಕೇಂದ್ರಕ್ಕೆ ಹೋದಳು. ಹದಿನೇಳರ ನಜ್ಲಾ ಅಲ್ಲಿನ ಹುಡುಗಿಯರ ಫುಟ್ಬಾಲ್ ತಂಡದಲ್ಲಿದ್ದಳು. ಮೇಜಿನ ಹಿಂದೆ ಕೇಂದ್ರದ ನಿರ್ದೇಶಕ ಲಮ್ಲೂಮ್ ಸಾಹೇಬರು ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂತಿದ್ದರು.

"ನೋಡಿಯಮ್ಮಾ," ಎಂದರು ಅವರು. "ನಿಮ್ಮ ಹುಡುಗೀರು ಎರಡು ವರ್ಷದಲ್ಲಿ ಒಂದು ಪಂದ್ಯ ಗೆದ್ದಿಲ್ಲ. ಈ ರಂಜಾನ್ ಪಂದ್ಯಾವಳೀಲಿ ಹನ್ನೊಂದು ಜನ ಬಂದು ಒಂದಾದ್ರೂ ಗೆಲ್ಲಲಿ. ಇಲ್ಲಾಂದ್ರೆ ಭಾನುವಾರ, ಬುಧವಾರದ ಸಂಜೆ ಮೈದಾನ ಮದುವೆ ಶಾಮಿಯಾನದವರಿಗೆ ಹೋಗುತ್ತೆ. ಅದು ಸರಿ, ಹನ್ನೊಂದು ಎಲ್ಲಿ? ನನಗೆ ಹತ್ತೇ ಹೆಸರು ಕಾಣ್ತಿದೆ."

"ಒಬ್ಬಳಿಗೆ ನಿಶ್ಚಿತಾರ್ಥ ಆಯ್ತು," ಎಂದಳು ನಜ್ಲಾ. "ಹುಡುಗ ಆಡೋದು ಬೇಡ ಅಂದನಂತೆ."

ಲಮ್ಲೂಮ್ ಸಾಹೇಬರು ಒಂದು ಸಿಪ್ಪೆ ಉಗುಳಿ ನಕ್ಕರು. "ಅದೇ ನಾನೂ ಹೇಳೋದು. ಹೆಣ್ಣುಮಕ್ಕಳ ಕಾಲು ಮದುವೆ ತನಕ ಓಡುತ್ತೆ. ಆಮೇಲೆ ಕುರ್ಚಿ ಕಾಲಿನ ಹಾಗೆ, ಇಟ್ಟಲ್ಲೇ ಇರುತ್ತೆ."

ಅಲ್ಲಿಗೆ ಇನ್ಶಿರಾಹ್‌ಳ ನಿಜ ಉಬ್ಬತೊಡಗಿತು.

"ಸಾಹೇಬ್ರೇ, ನಾನು ಹುಡುಗಿಯಾಗಿದ್ದಾಗ ಈ ಬಾಗಿಲಿಂದ ನದಿ ಸೇತುವೆವರೆಗೆ ಓಡಿ ವಾಪಸ್ ಬರ್ತಿದ್ದೆ. ಕೈಲಿ ತುಂಬಿದ ಹಾಲಿನ ಪಾತ್ರೆ. ಒಂದು ಹನಿ ಚೆಲ್ತಿರಲಿಲ್ಲ. ಈಗಲೂ ಅಷ್ಟೇ!"

ಪಾತ್ರೆ ಖಾಲಿಯಿರುತ್ತಿತ್ತು. ಓಟ ತರಕಾರಿ ಅಂಗಡಿಯ ತಿರುವಿನವರೆಗೆ ಮಾತ್ರ. ಹನ್ನೆರಡು ತುಂಬಿದ ದಿನ ಅವಳ ಅಜ್ಜಿ ಕರೆದು "ಇನ್ನು ಓಡಬೇಡ ಕಂದ" ಎಂದಿದ್ದಳು. ಅಂದಿನಿಂದ ಇನ್ಶಿರಾಹ್ ಮದುವೆಗೂ ನಡೆದಿದ್ದಳು, ಹೆರಿಗೆಗೂ ನಡೆದೇ ಹೋಗಿದ್ದಳು.

ಲಮ್ಲೂಮ್ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ನಿಯಮದಲ್ಲಿ ಹದಿನಾರು ತುಂಬಿರಬೇಕು ಅಂತಿದೆ. ಮೇಲೆ ಎಷ್ಟು ಅಂತ ಬರೆದಿಲ್ಲ. ಬರ್ಕೊಳ್ಳಲಾ?"

ಬುದ್ಧಿಯಿದ್ದವರು ಅಲ್ಲಿ ನಕ್ಕು ಎದ್ದು ಬರುತ್ತಿದ್ದರು. ಇನ್ಶಿರಾಹ್ "ಬರ್ಕೊಳ್ಳಿ" ಎಂದಳು. ಅಕ್ಷರ ಸರಿಯಿದೆಯೇ ಎಂದು ಬಗ್ಗಿ ನೋಡಿಯೂ ಬಂದಳು.

ತಂಡದ ತರಬೇತುದಾರ ಕ್ಯಾಪ್ಟನ್ ಅರಫಾ ನಿವೃತ್ತ ಡ್ರಿಲ್ ಮೇಷ್ಟ್ರು. ಅವರದೊಂದು ಸಿದ್ಧಾಂತವಿತ್ತು. "ಹನ್ನೊಂದು ಜನಕ್ಕೂ ಒಂದೇ ಓಟ ಕೊಡೋದು ಅಂದ್ರೆ ಹನ್ನೊಂದು ರೋಗಿಗೂ ಒಂದೇ ಮಾತ್ರೆ ನುಂಗಿಸಿದ ಹಾಗೆ. ಗೋಲ್ ಕಾಯೋ ಗೋಲಿ ಓಡಬೇಕಿಲ್ಲ, ಬೀಳೋದು ಕಲೀಬೇಕು. ಅಂಚಿನಲ್ಲಿ ಆಡೋಳು ಬೆಂಕಿ ಬಿದ್ದ ಹಾಗೆ ಓಡಿ ಆಮೇಲೆ ಉಸಿರು ತಗೋಬೇಕು. ನಡುವಿನವಳು ಕತ್ತೆ ಹಾಗೆ, ನಿಧಾನ, ಆದ್ರೆ ನಿಲ್ಲಬಾರದು." ಹೀಗೆ ಒಂದರಿಂದ ಹನ್ನೊಂದರವರೆಗೆ ಜಾಗಕ್ಕೊಂದು ಚೀಟಿ ಬರೆದು, ಯುವಕೇಂದ್ರದ ಬಾಗಿಲಿಗೆ ಅಂಟಿಸಿ, "ಅಂಗಿ ನಂಬರ್ ನೋಡ್ಕೊಂಡು ನಿಮ್ಮ ನಿಮ್ಮ ಚೀಟಿ ಮಾಡಿ. ಪಂದ್ಯದ ದಿನ ಸಿಗೋಣ" ಎಂದು ಹೇಳಿ ಅವರು ಮೆಕ್ಕಾ ಯಾತ್ರೆಗೆ ಹೊರಟುಹೋದರು. ಅವರ ಮನಸ್ಸಿನಲ್ಲಿ, ತಂಡದಲ್ಲೆಲ್ಲ ಚುರುಕಾದ ನಜ್ಲಾ ಎಡ ಅಂಚಿನಲ್ಲಿ ಓಡುವ ಹನ್ನೊಂದು, ಅವಳ ತಾಯಿ ಗೋಲಿನಲ್ಲಿ ನಿಲ್ಲುವ ಒಂದು. "ಆ ತಾಯಿ ಸುಮ್ಮನೆ ನಿಂತರೂ ಅರ್ಧ ಗೋಲ್ ಮುಚ್ಚುತ್ತೆ" ಎಂಬ ಈ ಲೆಕ್ಕವನ್ನು ಅವರು ಹೆಂಡತಿಗೆ ಹೇಳಿದ್ದರು, ವಿಮಾನದಲ್ಲಿ ಪಕ್ಕದಲ್ಲಿ ಕೂತವನಿಗೂ ಹೇಳಿದರು. ತಂಡಕ್ಕೆ ಹೇಳಿರಲಿಲ್ಲ.

ಅಂಗಿ ಹೊಲಿದವಳು ಇನ್ಶಿರಾಹ್, ಹೊಲಿದು ಮುಗಿಸುವಷ್ಟರಲ್ಲಿ ರಂಜಾನಿನ ಐದು ದಿನ ಕಳೆದಿತ್ತು. ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತೇ ಬೆಳೆದ ಆ ಹೆಂಗಸಿಗೆ ನಂಬರ್ ಎಂದರೆ ಯಾರು ಮೊದಲು ಬಂದರೆಂಬುದರ ಗುರುತು. ಹೆಸರು ಬರೆಸಿದ ಕ್ರಮದಲ್ಲೇ ನ್ಯಾಯವಾಗಿ ನಂಬರ್ ಹೊಲಿದಳು. ಮೊದಲು ಹೆಸರು ಕೊಟ್ಟ ನಜ್ಲಾಳಿಗೆ ಒಂದು. ಕೊನೆಗೆ ಸೇರಿದ ತನಗೆ ಹನ್ನೊಂದು.

"ಅಮ್ಮಾ, ಒಂದು ಅಂದ್ರೆ ಗೋಲಿ ಅಲ್ವಾ?" ಎಂದಳು ನಜ್ಲಾ, ಚೀಟಿ ಓದುತ್ತಾ.

"ಬರೆದವರಿಗೆ ನಿನಗಿಂತ ಗೊತ್ತು. ಅವರು ಕಾಬಾದ ಮುಂದೆ ನಿಂತಿದ್ದಾರೆ. ಅಲ್ಲಿಗೆ ಫೋನ್ ಮಾಡಿ ನಂಬರ್ ಜಗಳ ತೆಗೀತೀಯಾ?"

ನಜ್ಲಾ ಒಂದನೇ ಚೀಟಿ ಕಿತ್ತುಕೊಂಡಳು. ಮರುದಿನದಿಂದ ಇಡೀ ತಂಡ ಶ್ರದ್ಧೆಯಿಂದ ತಪ್ಪು ತರಬೇತಿಗೆ ಬಿತ್ತು. ನಡುವೆ ಓಡಬೇಕಾದವಳು ರಕ್ಷಕಿಯ ಚೀಟಿ ಹಿಡಿದು ರೊಟ್ಟಿ ಅಂಗಡಿಗೂ ಹಿಮ್ಮುಖವಾಗಿ ಹೋಗಿಬಂದಳು. ಗೋಡೆಯಂತೆ ನಿಲ್ಲಬೇಕಾದ ದಢೂತಿ ಹುಡುಗಿ ನಿಲ್ಲದೆ ಓಡುತ್ತಾ ಪಕ್ಕದ ಹಳ್ಳಿ ತಲುಪಿ, ಅಲ್ಲೇ ಯಾರದೋ ಮನೆಯಲ್ಲಿ ಉಪವಾಸ ಬಿಟ್ಟು, ಬಾತುಕೋಳಿ ತಿಂದು, ಅವರ ಗಾಡಿಯಲ್ಲಿ ಮರಳಿದಳು.

ನಜ್ಲಾ ಮನೆಯಲ್ಲಿ ಬಿದ್ದಳು. ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ, ತಾಯಿ ಹೊಲಿದಿಟ್ಟ ಹಾಸಿಗೆಗಳ ಮೇಲೆ. ಆಮೇಲೆ ಮೂರು ಹೆಜ್ಜೆ ಓಡಿ ಎಗರಿ ಗಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಳ್ಳುವುದು. ಬಾಗಿಲ ಸಂದಿಯಿಂದ ನೋಡಿದ ಅಜ್ಜಿ ತಫೀದಾ ಮಗ ಬಯ್ಯೂಮಿಯನ್ನು ಅಂಗಡಿಯಿಂದ ಕರೆಸಿದಳು.

"ಮಗೂಗೆ ಏನೋ ಹಿಡ್ಕೊಂಡಿದೆ ಕಣೋ. ಬೀಳುತ್ತೆ, ಏಳುತ್ತೆ, ಎಣಿಸ್ತಾ ಬೀಳುತ್ತೆ. ಲೆಕ್ಕ ಕಲಿತ ಜಿನ್ನು."

"ಅಮ್ಮಾ, ರಂಜಾನಿನಲ್ಲಿ ಅವನ್ನೆಲ್ಲ ಕಟ್ಟಿಹಾಕಿರ್ತಾರೆ ಅಲ್ವಾ?"

"ಎಲ್ಲಾದಕ್ಕೂ ಹಗ್ಗ ಸಾಕಾಗಿರಲ್ಲ."

ಬಯ್ಯೂಮಿ ಒಳ್ಳೆಯ ಮನುಷ್ಯ. ಮೆರುಗಿನ ವಾಸನೆಯಲ್ಲಿ ಇಪ್ಪತ್ತೈದು ವರ್ಷ ಕೂತವನಿಗೆ ಯಾವುದೂ ಬಹಳ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಮಗಳ ದಿಂಬಿನ ಕೆಳಗೆ ಅಮ್ಮ ಕೊಟ್ಟ ತಾಯತ ಇಟ್ಟು ಕೆಲಸಕ್ಕೆ ಹೋದ.

ಇನ್ಶಿರಾಹ್‌ಳ ಚೀಟಿ ಹೀಗಿತ್ತು: "ಹನ್ನೊಂದು. ಮೂವತ್ತು ಹೆಜ್ಜೆ ಪೂರ್ತಿ ವೇಗ, ನಡೆದು ವಾಪಸ್. ಏಳು ಸಲ. ಕೊನೆಗೆ ಒಂದು ಉದ್ದ ಓಟ, ಮೈದಾನದ ಈ ತುದಿಯಿಂದ ಆ ತುದಿ, ನಿಲ್ಲದೆ." ಕೊನೆಯಲ್ಲಿ ಕೆಂಪು ಶಾಯಿಯಲ್ಲಿ: "ಮೂರನೇ ವಾರದಿಂದ ಉದ್ದ ಓಟ ಎರಡು."

ಯಾರೂ ನೋಡಬಾರದು. ಅದೇ ಮುಖ್ಯ. ಬೀದಿಯಲ್ಲಿ ಯಾರೂ ಇರದ ಹೊತ್ತು ಯಾವುದು? ಸಂಜೆ ಉಪವಾಸ ಬಿಡಲು ಮಸೀದಿಯಲ್ಲಿ ಕೂಗುವ ಬಾಂಗಿಗೆ ಮುಂಚಿನ ಐದು ನಿಮಿಷ. ಎಲ್ಲರೂ ಒಳಗೆ ಊಟದ ಮುಂದೆ ಕೂತು ಬಾಂಗಿಗೆ ಕಾಯುತ್ತಿರುತ್ತಾರೆ. ಅವಳು ಸಾರು ಒಲೆಯ ಮೇಲಿಟ್ಟು, "ರೊಟ್ಟಿ ತರ್ತೀನಿ" ಎಂದು ಹೊರಟು, ಮರದ ಗೋದಾಮಿನ ಹಿಂದಿನ ಓಣಿಯಲ್ಲಿ ಏಳು ಓಟ ಮುಗಿಸಿ, ಕೊನೆಯ ಉದ್ದ ಓಟವನ್ನು ದೊಡ್ಡ ಬೀದಿಯುದ್ದಕ್ಕೂ ಮನೆ ಬಾಗಿಲಿನವರೆಗೆ ಓಡುತ್ತಿದ್ದಳು. ಮೊದಲ ದಿನ ಎದೆ ಬಾಯಿಗೆ ಬಂತು. ಎರಡನೇ ದಿನ ಮೊಣಕಾಲು ಬೇರೆಯವರದಾಯಿತು. ಐದನೇ ದಿನ, ಗೋದಾಮಿನ ತಿರುವಿನಲ್ಲಿ, ಹನ್ನೆರಡು ವರ್ಷದ ಒಬ್ಬಳು ಖಾಲಿ ಪಾತ್ರೆ ಹಿಡಿದು ತನ್ನ ಪಕ್ಕದಲ್ಲೇ ಓಡಿಬಂದಂತೆ ಅನ್ನಿಸಿತು. ಇನ್ಶಿರಾಹ್ ಅವಳನ್ನು ಹಿಂದೆ ಹಾಕಿದಳು.

ಬೀದಿಯಲ್ಲಿ ಯಾರೂ ಇರಲಿಲ್ಲ, ನಿಜ. ಆದರೆ ಕಿಟಕಿಗಳಿದ್ದವು. ಒಂದೊಂದು ಕಿಟಕಿಯ ಹಿಂದೆಯೂ ಚಮಚ ಹಿಡಿದು ಕೂತ ಒಂದು ಕುಟುಂಬವಿತ್ತು. ಹಸಿದ ಮನುಷ್ಯ ನೋಡದೇ ಇರುವ ವಸ್ತು ಪ್ರಪಂಚದಲ್ಲಿಲ್ಲ.

ಅದೇ ರಂಜಾನಿನಲ್ಲಿ ಬೀದಿಯ ಮಸೀದಿಯ ಧ್ವನಿವರ್ಧಕದ ವೈರನ್ನು ಇಲಿ ಕಡಿದಿತ್ತು. ಶೇಖ್ ಮುಸೈಲ್ಹಿ ಬರಿಗಂಟಲಲ್ಲಿ ಬಾಂಗ್ ಕೂಗುತ್ತಿದ್ದರು. ಅವರ ಗಂಟಲು ಎಪ್ಪತ್ತು ವರ್ಷದ್ದು. ಟೀವಿಯಲ್ಲಿ ಬರುವುದು ರಾಜಧಾನಿ ಕೈರೋದ ಬಾಂಗ್, ಆ ಊರಿನ ಹೊತ್ತೇ ಬೇರೆ. ಹೀಗಿರುವಾಗ ಒಬ್ಬ ಹೆಂಗಸು ನಿಲುವಂಗಿ ಎತ್ತಿಹಿಡಿದು ಬಾಗಿಲ ಮುಂದೆ ಧಡಧಡ ಓಡಿಹೋಗುತ್ತಾಳೆ, ಅವಳು ಹೋದ ಮೂರು ಉಸಿರಿಗೆ ಬಾಂಗ್ ಕೇಳುತ್ತದೆ. ಒಂದು ದಿನವಲ್ಲ, ಎರಡು ದಿನವಲ್ಲ, ಹದಿನಾಲ್ಕು ದಿನ.

ಮೊದಮೊದಲು ಸಾರು ಸೀದುಹೋಗುತ್ತಿರಬೇಕು ಎಂದುಕೊಂಡರು. ಆಮೇಲೆ ಮೂಲೆಯಲ್ಲಿ ಹುಣಸೆ ಪಾನಕ ಮಾರುವ ಹಾಜಿ ದುಸೂಕಿ ಘೋಷಿಸಿದ: "ಶೇಖ್ ಸಾಹೇಬರು ಒಂದು ನಿಮಿಷ ಆಚೀಚೆ ಆಗಬಹುದು. ನಜ್ಲಾನ ಅಮ್ಮ ಆಗಲ್ಲ." ಅವಳು ಗೋದಾಮಿನ ತಿರುವಿನಲ್ಲಿ ಕಂಡ ಕೂಡಲೇ ಅವನು ಲೋಟಕ್ಕೆ ಪಾನಕ ಸುರಿಯುವುದು, ಅವನು ಸುರಿದದ್ದು ಕಂಡು ಎದುರು ಮನೆಯವರು ಸಾರು ಬಡಿಸುವುದು, ಅದು ಕಂಡು ಮೇಲಿನ ಮಹಡಿಯವರು ಖರ್ಜೂರ ಬಾಯಿಗಿಡುವುದು ರೂಢಿಯಾಯಿತು.

"ಏನ್ ಬಯ್ಯೂಮಿ," ಎಂದು ಅಂಗಡಿಯವರು ಛೇಡಿಸಿದರು, "ಹೆಂಡತಿ ದಿನಾ ಓಡಿಹೋಗ್ತಾಳಂತಲ್ಲ?"

"ಮನೆ ಕಡೆಗೇ ತಾನೇ ಓಡೋದು?" ಎಂದ ಬಯ್ಯೂಮಿ ಕುಂಚ ಅದ್ದುತ್ತಾ. "ನಿಮ್ಮವಳು ಯಾವತ್ತಾದ್ರೂ ಮನೆ ಕಡೆ ಓಡಿ ಬಂದಿದ್ದಾಳಾ?"

ಹೀಗೆ ಎಲ್ಲವೂ ಸುಖವಾಗಿತ್ತು, ಮೂರನೇ ವಾರ ಬರುವವರೆಗೆ.

ಕೆಂಪು ಶಾಯಿಯ ಆಜ್ಞೆಯಂತೆ ಅಂದು ಇನ್ಶಿರಾಹ್ ಉದ್ದ ಓಟ ಎರಡು ಮಾಡಬೇಕಿತ್ತು. ಮೊದಲನೆಯದಕ್ಕೆ ಬಾಂಗಿಗೆ ಆರು ನಿಮಿಷ ಮುಂಚೆಯೇ ಬೀದಿಗಿಳಿದಳು. ಧಡಧಡ ಓಡಿದಳು. ಹಾಜಿ ದುಸೂಕಿ ಸುರಿದ. ಎದುರು ಮನೆ ಬಡಿಸಿತು. ಮೇಲಿನ ಮಹಡಿ ನುಂಗಿತು. ಮನೆ ಬಾಗಿಲು ಮುಟ್ಟಿದ ಇನ್ಶಿರಾಹ್ ಒಳಗೆ ಹೋಗಲಿಲ್ಲ. ತಿರುಗಿ ಮತ್ತೆ ಗೋದಾಮಿನ ಕಡೆ ಓಡಿದಳು. ಬೀದಿಯ ಚಮಚಗಳೆಲ್ಲ ಗಾಳಿಯಲ್ಲಿ ನಿಂತವು.

"ವಾಪಸ್ ಯಾಕೆ ಹೋಗ್ತಿದ್ದಾಳೆ?" ಎಂದಿತು ಒಂದು ಕಿಟಕಿ.

"ಬಾಂಗ್ ಆಯ್ತಾ? ಯಾರಾದ್ರೂ ಕೇಳಿಸ್ಕೊಂಡ್ರಾ?"

ಹಾಜಿ ದುಸೂಕಿ ಕೈಯಲ್ಲಿದ್ದ ಅರ್ಧ ಲೋಟವನ್ನೂ, ಕೆಂಪು ಮೋಡವನ್ನೂ, ಮೋಡದ ಕೆಳಗೆ ಇನ್ನೂ ಹಾಯಾಗಿ ಕೂತಿದ್ದ ಸೂರ್ಯನನ್ನೂ ನೋಡಿದ. "ಅಯ್ಯೋ ದೇವರೇ, ಹತ್ತೊಂಬತ್ತು ಉಪವಾಸ ಸರಿಯಾಗಿ ಮಾಡಿದ್ದೆ!" ಎಂದು ಅವನು ಕೂಗಿದ ಕೂಗು, ಧ್ವನಿವರ್ಧಕ ಸರಿಯಿದ್ದ ಕಾಲದಲ್ಲೂ ಆ ಬೀದಿಯಲ್ಲಿ ಕೇಳಿರಲಿಲ್ಲ.

ನಮಾಜ್ ಮುಗಿದದ್ದೇ ಬೀದಿಗೆ ಬೀದಿಯೇ ಇನ್ಶಿರಾಹ್‌ಳ ಬಾಗಿಲಲ್ಲಿ ನೆರೆಯಿತು. ಶೇಖ್ ಮುಸೈಲ್ಹಿಯವರನ್ನು ಮುಂದೆ ನಿಲ್ಲಿಸಿದ್ದರು.

"ತಾಯಿ," ಎಂದರು ಶೇಖ್, "ನಲವತ್ತೊಂದು ಜನ ಹೊತ್ತಿಗೆ ಮುಂಚೆ ಉಪವಾಸ ಮುರಿದಿದ್ದಾರೆ. ನೀವು ಯಾಕೆ ಓಡಿದ್ರಿ?"

"ನಾನು ಓಡಿದ್ರೆ ಅವರು ಯಾಕೆ ತಿನ್ನಬೇಕು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆದರೆ ಸಿಕ್ಕಿಬಿದ್ದವರಿಗೆ ನ್ಯಾಯವಾದ ಪ್ರಶ್ನೆಯಷ್ಟು ಕಹಿ ಬೇರೊಂದಿಲ್ಲ. ಗದ್ದಲವೆದ್ದಿತು. ಅತ್ತೆ ತಫೀದಾ ಎದೆ ಬಡಿದುಕೊಂಡು, "ಹುಡುಗಿಗೆ ಹಿಡಿದದ್ದೇ ಇವಳಿಗೂ ಹಿಡೀತು. ಒಂದು ಬೀಳಿಸುತ್ತೆ, ಇನ್ನೊಂದು ಓಡಿಸುತ್ತೆ" ಎಂದಳು. ಯಾರೋ ಧೂಪ ಹಾಕಿಸಿ ಎಂದರು. ಇನ್ಯಾರೋ ಸಕ್ಕರೆ ಕಾಯಿಲೆ ಇರಬೇಕು ಎಂದರು.

ಇನ್ಶಿರಾಹ್ ಹೊಸ್ತಿಲ ಮೇಲೆ ನಿಂತು ಸೊಂಟಕ್ಕೆ ಕೈ ಕೊಟ್ಟಳು.

"ಜಿನ್ನೂ ಇಲ್ಲ, ಸಕ್ಕರೇನೂ ಇಲ್ಲ. ನಾನು ಎಡ ಅಂಚು."

ಗದ್ದಲ ಮಾಡುತ್ತಿದ್ದವರು ಶೇಖರ ಮುಖ ನೋಡಿದರು.

"ಏನಂದ್ರಿ?" ಎಂದರು ಶೇಖ್.

"ಯುವಕೇಂದ್ರದ ತಂಡದಲ್ಲಿ ಎಡ ಅಂಚಿನ ಆಟಗಾರ್ತಿ. ನಂಬರ್ ಹನ್ನೊಂದು. ಶುಕ್ರವಾರ ಪಂದ್ಯ ಇದೆ. ಸೋತ್ರೆ ಹುಡುಗೀರ ಮೈದಾನ ಶಾಮಿಯಾನಕ್ಕೆ ಹೋಗುತ್ತೆ. ನಗೋರು ಈಗಲೇ ನಕ್ಕು ಮುಗಿಸಿ. ಇನ್ನೂ ನಾಲ್ಕು ದಿನದ ಓಟ ಬಾಕಿ ಇದೆ ನನಗೆ."

ನಕ್ಕರು. ಹಾಜಿ ದುಸೂಕಿ ಕೂತುಕೊಂಡು ನಕ್ಕ. ಬಯ್ಯೂಮಿಯೊಬ್ಬ ನಗಲಿಲ್ಲ. ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ, ಹೊಸದಾಗಿ ಬಂದ ಮರವನ್ನು ನೋಡುವಂತೆ ನೋಡಿದ. ಆಮೇಲೆ ಕೇಳಿದ: "ಅಂಚು ಅಂದ್ರೆ ಎಡವೇ ಯಾಕೆ?"

"ಚೀಟೀಲಿ ಹಾಗಿತ್ತು."

"ಹಾಗಾದ್ರೆ ಸರಿ," ಎಂದು ಅವನು ಒಳಗೆ ಹೋಗಿ ಅವಳಿಗೆ ತಟ್ಟೆ ಬಡಿಸಿದ.

ಶೇಖರು ತೀರ್ಪು ಕೊಟ್ಟರು: "ಹೊತ್ತು ಮುಳುಗಿತು ಅಂತ ತಪ್ಪು ತಿಳಿದು ತಿಂದವರು ಹಬ್ಬ ಕಳೆದ ಮೇಲೆ ಒಂದು ದಿನ ಉಪವಾಸ ಮಾಡಿ. ಇನ್ಮೇಲೆ ನನ್ನ ಗಂಟಲನ್ನ ನಂಬಿ, ಈ ತಾಯಿಯ ಕಾಲನ್ನಲ್ಲ."

ಶುಕ್ರವಾರ ಬೆಳಗ್ಗೆ ಕ್ಯಾಪ್ಟನ್ ಅರಫಾ ಬೋಳಿಸಿದ ತಲೆ, ಮೆಕ್ಕಾದ ಪವಿತ್ರ ಝಮ್‌ಝಮ್ ನೀರಿನ ಡಬ್ಬಿಗಳ ಸಮೇತ ಬಂದಿಳಿದರು. ಸಂಜೆ ಮೈದಾನದಲ್ಲಿ ಸಾಲಾಗಿ ನಿಂತ ತಂಡವನ್ನು ಕಂಡು ಅವರ ಮುಖದ ಪುಣ್ಯವೆಲ್ಲ ಇಳಿದುಹೋಯಿತು.

"ನಜ್ಲಾ, ನೀನ್ಯಾಕೆ ಒಂದು ಹಾಕ್ಕೊಂಡಿದ್ದೀಯಾ? ಮತ್ತೆ ಈ ಹನ್ನೊಂದು... ಈ ನಂಬರ್ ಕೊಟ್ಟವರು ಯಾರು?"

"ನಾನೇ," ಎಂದಳು ಇನ್ಶಿರಾಹ್. "ಬಂದ ಕ್ರಮದಲ್ಲಿ."

"ಬಂದ ಕ್ರಮ! ಇದೇನು ರೊಟ್ಟಿ ಅಂಗಡಿನಾ? ಒಂದು ಅಂದ್ರೆ ಗೋಲಿ ಕಣಮ್ಮಾ! ಹನ್ನೊಂದು ಅಂದ್ರೆ ಚಿಗರೆ!" ಅವರು ತಲೆಗೆ ಕೈ ಹಚ್ಚಿದರು, ಹಿಡಿದುಕೊಳ್ಳಲು ಕೂದಲಿರಲಿಲ್ಲ. "ಬಿಚ್ಚಿ ಅಂಗಿ. ತಾಯಿ ಮಗಳು ಬದಲಾಯಿಸ್ಕೊಳ್ಳಿ."

"ನನ್ನ ಅಂಗಿ ಇವಳಿಗೆ ಶಾಮಿಯಾನ ಆಗುತ್ತೆ. ಇವಳದ್ದು ನನ್ನ ತೋಳಿಗೂ ಏರಲ್ಲ. ಕ್ಯಾಪ್ಟನ್, ಇವಳು ಮೂರು ವಾರ ಬಿದ್ದಿದ್ದಾಳೆ, ನಾನು ಮೂರು ವಾರ ಓಡಿದ್ದೀನಿ. ಕಲಿತದ್ದನ್ನೇ ಆಡ್ತೀವಿ."

ಎದುರು ತಂಡದವರು ಸರೋವರದ ಕಡೆಯ ಮೀನುಗಾರರ ಹೆಣ್ಣುಮಕ್ಕಳು. ಬಲೆ ಎಳೆದು ಬಲಿತ ತೋಳು, ದೋಣಿಯ ಮೇಲೆ ಸಮತೂಕ ಕಲಿತ ಕಾಲು. ಬಾಂಗ್ ಆಗುವ ಹೊತ್ತಿಗೆ ಆಟ ಮುಗಿಯಬೇಕೆಂಬುದು ರಂಜಾನ್ ಪಂದ್ಯದ ನಿಯಮ. ಬೀದಿಯವರೆಲ್ಲ ಖರ್ಜೂರದ ಪೊಟ್ಟಣ ಹಿಡಿದು ಬಂದಿದ್ದರು. ಹಾಜಿ ದುಸೂಕಿ ಪಾನಕದ ಗಾಡಿಯನ್ನೇ ತಳ್ಳಿಕೊಂಡು ಬಂದು ಲಮ್ಲೂಮ್ ಸಾಹೇಬರ ಕುರ್ಚಿಯ ಪಕ್ಕದಲ್ಲಿ ನಿಲ್ಲಿಸಿದ್ದ.

ಮೀನುಗಾರರ ಹುಡುಗಿಯರು ಗೋಲಿನತ್ತ ಹದಿನೇಳು ಸಲ ಒದ್ದರು. ಹದಿನೇಳು ಸಲವೂ ನಜ್ಲಾ ಬಿದ್ದಳು. ಎಡಕ್ಕೆ ಬಿದ್ದಾಗಲೂ ಚೆಂಡು ಅಲ್ಲಿತ್ತು, ಬಲಕ್ಕೆ ಬಿದ್ದಾಗಲೂ ಅಲ್ಲಿತ್ತು. "ನೋಡಿದ್ರಾ, ಎಣಿಸ್ತಿದ್ದಾಳೆ!" ಎಂದು ಅಜ್ಜಿ ತಫೀದಾ ಪಕ್ಕದವಳ ತೊಡೆ ಚಿವುಟಿದಳು. "ನಮ್ಮ ಜಿನ್ನು ಅದು, ನಮ್ಮ ಮನೇದು!"

ಎಡ ಅಂಚಿನಲ್ಲಿ ಇನ್ಶಿರಾಹ್ ಕಾದಳು. ಒಂದು ಗಂಟೆ ಯಾರೂ ಅವಳಿಗೆ ಚೆಂಡು ಕೊಡಲಿಲ್ಲ. ಅವಳನ್ನು ಕಾಯುತ್ತಿದ್ದ ಎದುರಾಳಿ ಹುಡುಗಿ ಮೊದಲು ಗೌರವದಿಂದ "ಅತ್ತೆ, ಕೂತ್ಕೊಳ್ಳಿ ಬೇಕಾದ್ರೆ" ಎಂದಳು, ಆಮೇಲೆ ಕಾಯುವುದನ್ನೇ ಬಿಟ್ಟಳು. ಸ್ಕೋರು ಸೊನ್ನೆಗೆ ಸೊನ್ನೆ. ಸಮ ಆದರೆ ಗೆದ್ದಂತಲ್ಲ. ಲಮ್ಲೂಮ್ ಸಾಹೇಬರು ಶಾಮಿಯಾನದವನಿಗೆ ಫೋನ್ ಹಚ್ಚಲು ಕನ್ನಡಕ ಹುಡುಕಿಕೊಂಡರು.

ಸೂರ್ಯ ಗೋಡೆಯ ಅಂಚಿಗೆ ಬಂದಿದ್ದ. ನಜ್ಲಾ ಹಿಡಿದ ಚೆಂಡನ್ನು ಬಲವಾಗಿ ಒದ್ದಳು. ಅದು ಎಡ ಅಂಚಿನಲ್ಲಿ, ತಾಯಿಯ ಮುಂದೆ ಮೂವತ್ತು ಹೆಜ್ಜೆ ದೂರ ಬಿತ್ತು.

ಮೂವತ್ತು ಹೆಜ್ಜೆ! ಆ ಅಳತೆ ಅವಳ ಮೊಣಕಾಲಿಗೆ ಬಾಯಿಪಾಠವಾಗಿತ್ತು. ಇನ್ಶಿರಾಹ್ ನಿಲುವಂಗಿ ಎತ್ತಲು ಕೈ ಹಾಕಿದಳು, ಇಲ್ಲದ್ದು ನೆನಪಾಗಿ ಬಿಟ್ಟು, ಓಡಿದಳು. ಧಡಧಡ.

ಬುದ್ಧಿ ಶೇಖರ ಮಾತು ಕೇಳಬಹುದು, ಗಂಟಲು ಕೇಳುವುದಿಲ್ಲ. ಮೂರು ವಾರದ ಅಭ್ಯಾಸ. ಹಾಜಿ ದುಸೂಕಿಯ ಕೈ ತಾನಾಗಿ ಸುರಿಯಿತು. ಅದು ಕಂಡು ಬಡಗಿ ಬೀದಿ ಖರ್ಜೂರ ಬಾಯಿಗಿಟ್ಟಿತು. ಅದು ಕಂಡು ಮೀನುಗಾರರ ಕಡೆಯವರು ನೀರಿನ ಸೀಸೆ ಎತ್ತಿದರು. ತಮ್ಮ ತಾಯಂದಿರು ನೀರು ಕುಡಿಯುವುದನ್ನು ಕಂಡ ಆಟಗಾರ್ತಿಯರು ಆಟ ಮುಗಿಯಿತೆಂದು ಅಂಚಿಗೆ ಓಡಿದರು. ಎದುರು ತಂಡದ ಗೋಲಿ ಹುಡುಗಿ ಅಮ್ಮ ಚಾಚಿದ ಖರ್ಜೂರಕ್ಕೆ ಕತ್ತು ನೀಡಿದಳು. ರೆಫರಿಗೆ ಯಾರೋ ಒಂದು ತುರುಕಿದರು. ಅವನು ಸೀಟಿ ತೆಗೆದು ಖರ್ಜೂರ ಹಾಕಿಕೊಂಡ.

ಮೈದಾನದಲ್ಲಿ ಒಬ್ಬಳೇ ಓಡುತ್ತಿದ್ದಳು. ಅವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಚೆಂಡನ್ನು ಮುಟ್ಟಿ, ಪಾದಕ್ಕೆ ಸಿಗದೆ ಮೊಣಕಾಲ ಕೆಳಗಿನ ಮೂಳೆಯಿಂದ ತಳ್ಳಿದಳು. ಅದು ಸಂತೆಯಿಂದ ಮರಳುವ ಮುದುಕನಂತೆ ಉರುಳಿ, ಗೆರೆಯ ಮೇಲೆ ಒಂದು ಕ್ಷಣ ಯೋಚಿಸಿ, ಒಳಗೆ ಹೋಯಿತು.

ಆಮೇಲೆ, ಮೂರು ಉಸಿರು ಕಳೆದು, ಶೇಖ್ ಮುಸೈಲ್ಹಿಯವರ ಬಾಂಗ್ ಕೇಳಿತು.

ಎದುರು ತಂಡದ ತರಬೇತುದಾರ ರೆಫರಿಯ ಕತ್ತಿನ ಪಟ್ಟಿ ಹಿಡಿದ. "ಇದು ಗೋಲಾ? ಆಟ ಮುಗಿದಿತ್ತು!"

ರೆಫರಿ ಯೋಚಿಸಿದ. ಗೋಲ್ ಆಗುವ ಮುಂಚೆ ಬಾಂಗ್ ಆಗಿತ್ತು ಎನ್ನೋಣವೆಂದರೆ ಮುನ್ನೂರು ಜನ ಕಿವಿಯಿದ್ದವರು. ಆಗಿರಲಿಲ್ಲ ಎಂದರೆ ಬಾಯಲ್ಲಿ ಖರ್ಜೂರ. ನಿರ್ದೇಶಕರತ್ತ ನೋಡಿದ. ಲಮ್ಲೂಮ್ ಸಾಹೇಬರು ಪಾನಕದ ಖಾಲಿ ಲೋಟವನ್ನು ಮೆಲ್ಲನೆ ಕುರ್ಚಿಯ ಹಿಂದೆ ಅಡಗಿಸುತ್ತಿದ್ದರು.

"ಬಾಂಗ್ ಆಗಿರಲಿಲ್ಲ. ಗೋಲ್ ಸರಿ," ಎಂದ ರೆಫರಿ.

"ಹಾಗಾದ್ರೆ ನಿನ್ನ ಬಾಯಲ್ಲೇನಿತ್ತು?"

"ಮರೆತು ತಿಂದೆ. ಮರೆತು ತಿಂದ್ರೆ ಉಪವಾಸ ಮುರಿಯಲ್ಲ."

"ಮರೆತವರಿಗೆ ಇಲ್ಲ," ಎಂದಳು ಇನ್ಶಿರಾಹ್, ಏದುಸಿರು ಬಿಡುತ್ತಾ. "ಹೊತ್ತು ಮುಳುಗಿತು ಅಂತ ತಪ್ಪು ತಿಳಿದವರಿಗೆ ಒಂದು ದಿನ. ಶೇಖ್ ಸಾಹೇಬರು ನಮ್ಮ ಬಾಗಿಲಲ್ಲೇ ಹೇಳಿದ್ದು."

ಲಮ್ಲೂಮ್ ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ಯಾರೂ ಏನೂ ಕೇಳುವ ಮುಂಚೆ, ಫಲಿತಾಂಶದ ಹಾಳೆಗೆ ಸಹಿ ಹಾಕಿದರು. ಭಾನುವಾರ, ಬುಧವಾರ ಹುಡುಗಿಯರಿಗೇ ಉಳಿಯಿತು.

ಹಬ್ಬ ಕಳೆದ ಮೇಲೆ ಒಂದು ಗುರುವಾರ ಇಡೀ ಬೀದಿ ಬಾಕಿ ಉಪವಾಸ ಮಾಡಿತು. ರೆಫರಿಯೂ ಬಂದಿದ್ದ. ಇನ್ಶಿರಾಹ್ ಬೀದಿಯುದ್ದಕ್ಕೂ ಚಾಪೆ ಹಾಸಿ, ಈರುಳ್ಳಿ ತುಂಬಿದ ಬಾತುಕೋಳಿಗಳನ್ನು ತಾನೇ ಬಡಿಸಿಟ್ಟಳು. ಮಸೀದಿಯ ಧ್ವನಿವರ್ಧಕಕ್ಕೆ ಹೊಸ ವೈರು ಬಂದಿತ್ತು. ಹೊತ್ತಿಗೆ ಸರಿಯಾಗಿ ಶೇಖರ ಬಾಂಗ್ ನದಿಯಾಚೆಗೂ ಕೇಳುವಂತೆ ಮೊಳಗಿತು.

ಯಾರೂ ಕೈ ಹಾಕಲಿಲ್ಲ. ಒಂದು ಸಲ ಮೋಸ ಹೋದವರು, ಕೆಲವರು ಎರಡು ಸಲ. ಲೋಟ ಹಿಡಿದ ಹಾಜಿ ದುಸೂಕಿ, ಚಮಚ ಹಿಡಿದ ಕಿಟಕಿಗಳು, ತಟ್ಟೆಯ ಮುಂದೆ ಕೂತ ರೆಫರಿ, ಎಲ್ಲರೂ ಇನ್ಶಿರಾಹ್‌ಳ ಮುಖವನ್ನೇ ನೋಡಿದರು.

"ಬಾಂಗ್ ಆಯ್ತಲ್ಲ!" ಎಂದಳು ಅವಳು.

"ಅದೆಲ್ಲ ಸರಿ," ಎಂದ ಬಯ್ಯೂಮಿ, ಚಾಪೆಯಿಂದೆದ್ದು ಅವಳ ಕೈಯಲ್ಲಿದ್ದ ಬಡಿಸುವ ಸೌಟು ತೆಗೆದುಕೊಳ್ಳುತ್ತಾ. "ಸಾರು ಆರುತ್ತೆ. ಬೇಗ ಹೋಗು."

ಇನ್ಶಿರಾಹ್ ನಿಲುವಂಗಿಯ ಅಂಚು ಎತ್ತಿಹಿಡಿದು ಗೋದಾಮಿನ ತಿರುವಿಗೆ ನಡೆದಳು. ಅಲ್ಲಿ ತಿರುಗಿ ನಿಂತು, ಒಂದು ಉಸಿರು ಎಳೆದುಕೊಂಡು, ಓಡಿದಳು.